ತೆಂಗಿನ ಸೀಮೆಯ ಕತೆಗಾರರಿಗೆ: ದಿನದ ಬರೆವಣಿಗೆ ಮತ್ತು ಸ್ವಪ್ರಕಾಶನ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರನ್ನೂ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರವನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿಯೇ ಧರಿಸಿದ್ದ ತೀ.ನಂ. ಶ್ರೀಕಂಠಯ್ಯನವರನ್ನೂ ಕನ್ನಡಕ್ಕೆ ಕೊಟ್ಟದ್ದು ತಿಪಟೂರಿನ ಸುತ್ತಣ ಈ ತೆಂಗಿನ ಸೀಮೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದ ಕಥೆ ನಡೆಯುವುದೂ ಚನ್ನರಾಯಪಟ್ಟಣ ಮತ್ತು ತಿಪಟೂರು ತಾಲ್ಲೂಕುಗಳ ಹಳ್ಳಿಗಳಲ್ಲಿಯೇ. ಹೀಗಿದ್ದರೂ ನೊಣವಿನಕೆರೆಯಲ್ಲಿಯೋ ಹುಳಿಯಾರಿನಲ್ಲಿಯೋ ಮಾಯಸಂದ್ರದಲ್ಲಿಯೋ ಕುಳಿತು ಕಾದಂಬರಿಯನ್ನು ಬರೆಯುವವರು, ಬರೆದು ಮುಗಿಸಿದ ಮೇಲೆ, ಹಸ್ತಪ್ರತಿಯನ್ನು ಬೆಂಗಳೂರು, ಮೈಸೂರು, ಧಾರವಾಡಗಳ ಪ್ರಕಾಶಕರಿಗೆ ಕಳುಹಿಸಿ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಇಲ್ಲವೇ ತಾವೇ ಪ್ರಕಾಶಕರಾಗಬೇಕು. ಈ ಎರಡನೆಯ ಹಾದಿಯನ್ನು ಹಿಡಿಯಬೇಕೆಂದಿರುವವರ ಉಪಯೋಗಕ್ಕಾಗಿ ಈ ಲೇಖನವನ್ನು ಬರೆದಿದೆ. ಬರೆಯುವುದು ಒಂದು ವೃತ್ತಿ, ಪ್ರಕಟಿಸುವುದು ಇನ್ನೊಂದು ವೃತ್ತಿ. ಎರಡಕ್ಕೂ ಬೇರೆ ಬೇರೆ ವೇಳೆ, ಬೇರೆ ಬೇರೆ ಲೆಕ್ಕದ ಪುಸ್ತಕ, ಬೇರೆ ಬೇರೆ ಮನೋಧರ್ಮ ಬೇಕು. ಒಂದರ ಆತುರವು ಇನ್ನೊಂದರೊಳಗೆ ನುಗ್ಗಿತೆಂದರೆ ಎರಡೂ ಕೆಡುತ್ತವೆ ಎಂಬುದೇ ಇಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು.

ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸುವವರನ್ನು ಕುರಿತು, ಬೇರೆ ಯಾರೂ ಒಪ್ಪದ ಕಾರಣ ಹೀಗೆ ಮಾಡಿದರೆಂಬ ತಾತ್ಸಾರದ ಮಾತು ಅಲ್ಲಲ್ಲಿ ಕೇಳಿಬರುವುದುಂಟು. ಕನ್ನಡದ ಚರಿತ್ರೆಯನ್ನು ಬಲ್ಲವರು ಆ ಮಾತನ್ನು ಆಡಲಾರರು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ, ತಮ್ಮ ಕಾದಂಬರಿಗಳನ್ನು ಅದರ ಮೂಲಕ ಹೊರತಂದರು. ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಪುಸ್ತಕಗಳಿಂದ ಕನ್ನಡ ಓದುವುದನ್ನು ಕಲಿತ ಮನೆಗಳೆಷ್ಟೋ. ಮಾಸ್ತಿಯವರ ಕೃತಿಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಕುವೆಂಪು ಅವರಿಗೆ ಉದಯರವಿ, ಪೂರ್ಣಚಂದ್ರ ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ, ನಮ್ಮ ಕಾಲದ ವಸುಧೇಂದ್ರರಿಗೆ ಛಂದ ಪುಸ್ತಕ. ಹೀಗೆ ಈ ಪರಂಪರೆ ಎಲ್ಲಿಯೂ ಕಡಿದಿಲ್ಲ. ಆದುದರಿಂದ ಸ್ವಪ್ರಕಾಶನವನ್ನು ಕೈಗೊಳ್ಳುವವರು ಸಂಕೋಚಪಡಬೇಕಾದ ಕಾರಣವಿಲ್ಲ. ಆದರೆ ಮೇಲೆ ಹೆಸರಿಸಿದ ಹಿರಿಯರು ತಮ್ಮ ಪುಸ್ತಕದ ಕಾಗದ, ಅಚ್ಚು, ಬೆಲೆ, ಮಾರಾಟಗಳನ್ನು ಎಷ್ಟು ಶ್ರದ್ಧೆಯಿಂದ ನೋಡಿಕೊಂಡರೋ ಅಷ್ಟೇ ಶ್ರದ್ಧೆಯನ್ನು ತಾವೂ ತೋರಬೇಕು.

ಮೊದಲು ಬರೆವಣಿಗೆಯ ವಿಷಯ. ಕನ್ನಡದ ಕಾದಂಬರಿಕಾರರಲ್ಲಿ ಬರೆವಣಿಗೆಯೊಂದರಿಂದಲೇ ಜೀವನ ಸಾಗಿಸಿದವರು ವಿರಳ. ಮಾಸ್ತಿಯವರು ಸರ್ಕಾರದ ಅಧಿಕಾರಿಗಳಾಗಿದ್ದರು; ಭೈರಪ್ಪನವರು 1991ರಲ್ಲಿ ನಿವೃತ್ತರಾಗುವವರೆಗೂ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ನಮ್ಮ ಸೀಮೆಯ ಲೇಖಕರಲ್ಲಿಯೂ ಶಾಲೆಯ ಉಪಾಧ್ಯಾಯರು, ಬ್ಯಾಂಕಿನ ನೌಕರರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ತೋಟವನ್ನು ನೋಡಿಕೊಂಡು ಮನೆಯನ್ನೂ ತೂಗಿಸುವ ಗೃಹಿಣಿಯರು ಇಂಥವರೇ ಹೆಚ್ಚು. ಇಂಥವರು ಬಿಡುವು ಸಿಕ್ಕಾಗ ಬರೆಯೋಣವೆಂದು ಕಾದರೆ ಬಿಡುವು ಸಿಕ್ಕುವುದೇ ಇಲ್ಲ. ಏಕೆಂದರೆ ತೋಟದ ಕೆಲಸಕ್ಕೆ ಕೊನೆಯೆಂಬುದಿಲ್ಲ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಮೋಟಾರಿನ ಬಳಿ ಇರಬೇಕು. ಕಾಯಿ ಕೀಳಿಸುವ ದಿನ ಆಳುಗಳ ಜೊತೆಯಲ್ಲಿ ಇರಬೇಕು. ವಾರದಲ್ಲಿ ಎರಡು ದಿನ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಹರಾಜು ನಡೆಯುವಾಗ ಮನಸ್ಸು ಧಾರಣೆಯ ಕಡೆಗೇ ಹರಿಯುತ್ತದೆ. ಆದುದರಿಂದ, ಇಷ್ಟು ಹೊತ್ತು ಎಂದು ಗಂಟೆಯನ್ನು ಗೊತ್ತುಮಾಡಿಕೊಳ್ಳುವುದಕ್ಕಿಂತ ಇಷ್ಟು ಬರೆಹ ಎಂದು ಅಳತೆಯನ್ನು ಗೊತ್ತುಮಾಡಿಕೊಳ್ಳುವುದು ನಮ್ಮವರಿಗೆ ಹೆಚ್ಚು ಒಗ್ಗುತ್ತದೆ.

ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರಾಲಪ್, ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ, ಮುಂಜಾನೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, 47 ಕಾದಂಬರಿಗಳನ್ನು ಮುಗಿಸಿದನು. ಪ್ರತಿದಿನದ ಪುಟಗಳ ಸಂಖ್ಯೆಯನ್ನು ದಿನಚರಿಯಲ್ಲಿ ಗುರುತುಹಾಕಿಡುತ್ತಿದ್ದನು. ಅವನ ವೇಗವನ್ನು ನಾವು ಅನುಕರಿಸಬೇಕಾಗಿಲ್ಲ. ಅವನಿಂದ ಕಲಿಯಬೇಕಾದದ್ದು ಆ ಗುರುತುಹಾಕುವ ಪದ್ಧತಿಯನ್ನು ಮಾತ್ರ. ಡೆಮಿ 1/8 ಆಕಾರದ ಕನ್ನಡ ಪುಸ್ತಕದ ಒಂದು ಪುಟದಲ್ಲಿ ಸುಮಾರು 200ರಿಂದ 250 ಪದಗಳು ಹಿಡಿಯುತ್ತವೆ. ದಿನಕ್ಕೆ ಇಂಥ ಒಂದು ಪುಟವನ್ನು ಬರೆದವರು, ಹಬ್ಬ, ಮದುವೆ, ಜ್ವರ, ಜಾತ್ರೆಗಳನ್ನೆಲ್ಲ ಕಳೆದರೂ, ಒಂಬತ್ತು ಹತ್ತು ತಿಂಗಳಲ್ಲಿ 200 ಪುಟಗಳ ಕಾದಂಬರಿಯ ಮೊದಲ ಕರಡನ್ನು ಮುಗಿಸಬಲ್ಲರು. ಒಂದು ಪುಟವೆಂಬುದು ಅತ್ಯಲ್ಪವೆಂದು ತೋರಬಹುದು. ಆದರೆ ಉತ್ಸಾಹದ ಮೊದಲ ವಾರದಲ್ಲಿ ಹತ್ತು ಪುಟ ಬರೆದು, ಎರಡನೆಯ ತಿಂಗಳಲ್ಲಿ ಕೈಬಿಟ್ಟ ಕಾದಂಬರಿಗಳು ಎಷ್ಟೋ ಮನೆಗಳ ಬೀರುವಿನಲ್ಲಿವೆ; ದಿನಕ್ಕೊಂದು ಪುಟದಂತೆ ನಡೆದು ಅರ್ಧದಲ್ಲಿ ನಿಂತವು ಬಹಳ ಕಡಮೆ.

ಇದಕ್ಕಾಗಿ ಒಂದು ಸಣ್ಣ ನೋಟುಬುಕ್ಕು ಸಾಕು. ದಿನಾಂಕ, ಬರೆದ ಪುಟ, ಅಧ್ಯಾಯ, ನಾಳೆ ಎಲ್ಲಿಂದ ತೊಡಗಬೇಕೆಂಬ ಒಂದು ಸಾಲು, ಇಷ್ಟನ್ನೇ ಅದರಲ್ಲಿ ಬರೆಯತಕ್ಕದ್ದು. ಈ ಕಡೆಯ ಸಾಲು ಎಲ್ಲಕ್ಕಿಂತ ಮುಖ್ಯವಾದುದು. ಸನ್ನಿವೇಶವು ಪೂರ್ತಿ ಮುಗಿದ ಕಡೆ ಲೇಖನಿಯನ್ನು ಕೆಳಗಿಟ್ಟರೆ ಮರುದಿನ ಹೊಸದನ್ನು ಆರಂಭಿಸುವ ಶ್ರಮವು ತಲೆಯ ಮೇಲೆ ಬೀಳುತ್ತದೆ. ಪಾತ್ರವೊಂದು ಬಾಗಿಲು ತಟ್ಟಿದೆ, ಒಳಗಿನಿಂದ ಇನ್ನೂ ಉತ್ತರ ಬಂದಿಲ್ಲ ಎಂಬಂಥ ಕಡೆ ನಿಲ್ಲಿಸಿದರೆ, ಮರುದಿನ ತೋಟದಲ್ಲಿ ನೀರು ಕಟ್ಟುವಾಗಲೇ ಉತ್ತರವು ತಾನಾಗಿ ಹೊಳೆಯುತ್ತದೆ. ಬರೆಯಲಾಗದ ದಿನವನ್ನೂ ನೋಟುಬುಕ್ಕಿನಲ್ಲಿ ಕಾಣಿಸಿರಿ. ಕಾರಣವನ್ನು ಒಂದೇ ಮಾತಿನಲ್ಲಿ ಬರೆಯಿರಿ. ಮರುದಿನ ಎರಡು ಪುಟ ಬರೆದು ಸಾಲ ತೀರಿಸುತ್ತೇನೆಂಬ ಸಂಕಲ್ಪವನ್ನು ಮಾತ್ರ ಮಾಡಬೇಡಿರಿ. ಸಾಲವು ಬೆಳೆದಷ್ಟೂ ನೋಟುಬುಕ್ಕನ್ನು ತೆರೆಯಲು ಭಯವಾಗುತ್ತದೆ, ಭಯವಾದ ಮೇಲೆ ತೆರೆಯುವುದೇ ನಿಲ್ಲುತ್ತದೆ.

ಬರೆವಣಿಗೆ ಮುಗಿದ ದಿನವೇ ಮುದ್ರಕರ ಅಂಗಡಿಗೆ ಹೋಗುವ ಆತುರವು ಸ್ವಪ್ರಕಾಶಕರಿಗೆ ಇರುವ ದೊಡ್ಡ ಅಪಾಯ. ಬೇರೆ ಪ್ರಕಾಶಕರಿದ್ದಿದ್ದರೆ ಅವರ ವಿಳಂಬವೇ ಒಂದು ರಕ್ಷೆಯಾಗುತ್ತಿತ್ತು. ಇಲ್ಲಿ ತಡೆಯುವವರು ಯಾರೂ ಇಲ್ಲ. ಕಾಯಿಯನ್ನು ಕಿತ್ತ ದಿನವೇ ಕೊಬ್ಬರಿ ಮಾಡಲಾಗದೆಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು: ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಮಾಡುತ್ತದೆ, ಆಗ ಒಡೆದರೆ ಉಂಡೆ ಕೊಬ್ಬರಿ, ಮೊದಲೇ ಒಡೆದರೆ ಹಸಿ ಹೋಳು. ಕಾದಂಬರಿಯ ಕರಡಿಗೂ ಇಂಥ ಅವಧಿ ಬೇಕು. ಅಷ್ಟು ದೀರ್ಘಕಾಲ ಬೇಡವೆಂದರೂ ಮೂರು ತಿಂಗಳಾದರೂ ಅದನ್ನು ಮುಟ್ಟದೆ ಇಟ್ಟು, ಆ ಅವಧಿಯಲ್ಲಿ ಬೇರೊಂದು ಕತೆಯನ್ನು ಬರೆಯುತ್ತಿದ್ದು, ಅನಂತರ ಓದುಗರ ಕಣ್ಣಿನಿಂದ ಓದಿದರೆ, ಬರೆದಾಗ ಅನಿವಾರ್ಯವೆಂದು ತೋರಿದ್ದ ಎಷ್ಟೋ ಪುಟಗಳು ತಾವಾಗಿಯೇ ಬೇರ್ಪಡುತ್ತವೆ.

ಆಮೇಲೆ ಇಬ್ಬರು ಮೂವರಿಗೆ ಓದಲು ಕೊಡಬೇಕು. ಇವರಲ್ಲಿ ಒಬ್ಬರಾದರೂ ಬರೆವಣಿಗೆಯ ಗೀಳಿಲ್ಲದ ಸಾಮಾನ್ಯ ಓದುಗರಾಗಿರಲಿ, ಇನ್ನೊಬ್ಬರು ವ್ಯಾಕರಣವನ್ನು ಬಲ್ಲ ಹಳೆಯ ಉಪಾಧ್ಯಾಯರಾಗಿರಲಿ. ಕತೆ ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಎಲ್ಲಿ ಓದುವುದನ್ನು ನಿಲ್ಲಿಸಿದಿರಿ, ಯಾರು ಯಾರೆಂಬುದು ಎಲ್ಲಿ ಮರೆತುಹೋಯಿತು ಎಂದು ಕೇಳಿದರೆ ಮಾತ್ರ ಉಪಯುಕ್ತವಾದ ಉತ್ತರ ಸಿಕ್ಕುತ್ತದೆ. ಕರಡು ತಿದ್ದುವವರಿಗೆ ಒಂದು ವಿಷಯವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ 'ಹೋಗು' ಎಂಬುದು 'ಓಗು' ಆಗುತ್ತದೆ, 'ಬರುತ್ತೀನಿ' ಎಂಬುದು 'ಬತ್ತೀನಿ' ಆಗುತ್ತದೆ. ಯಾವ ಪಾತ್ರ ಹೀಗೆ ಮಾತನಾಡುತ್ತದೆ, ಯಾವುದು ಮಾತನಾಡುವುದಿಲ್ಲ ಎಂಬ ಪಟ್ಟಿಯಿಲ್ಲದಿದ್ದರೆ, ಬೆಂಗಳೂರಿನ ಕರಡು ತಿದ್ದುವವರು ಪ್ರಾಮಾಣಿಕ ಬುದ್ಧಿಯಿಂದಲೇ ಅರ್ಧ ಪುಸ್ತಕದಲ್ಲಿ ಹಕಾರವನ್ನು ಸೇರಿಸಿ, ಉಳಿದರ್ಧದಲ್ಲಿ ಬಿಟ್ಟು, ಪಾತ್ರದ ಬಾಯನ್ನೇ ಕೆಡಿಸಿಬಿಡುತ್ತಾರೆ. 'ಗೃಹಭಂಗ'ದ ಸಂಭಾಷಣೆಗಳು ಇಂದಿಗೂ ಜೀವಂತವಾಗಿರುವುದಕ್ಕೆ ಆ ಮಾತು ಈ ನೆಲದ್ದಾಗಿರುವುದೇ ಒಂದು ಕಾರಣ. ಅದನ್ನು ಅಚ್ಚಿನ ಶುದ್ಧತೆಗಾಗಿ ಬಲಿಕೊಡಬಾರದು.

ಗಣಕಯಂತ್ರದಲ್ಲಿ ಬರೆಯುವವರು ಯೂನಿಕೋಡಿನಲ್ಲಿಯೇ ಬರೆದು, ಮೂಲ ಕಡತದ ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇಟ್ಟಿರಬೇಕು. ಪುಟವಿನ್ಯಾಸ ಮಾಡುವವರು ಅದನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಕ್ಕೆ ಮಾರ್ಪಡಿಸಿದರೆ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಆದಕಾರಣ ಮಾರ್ಪಡಿಸಿದ ಮೇಲೆ ಬರುವ ಕರಡಚ್ಚನ್ನು, ಹಿಂದೆ ಎಷ್ಟು ಬಾರಿ ತಿದ್ದಿದ್ದರೂ, ಕಾಗದದ ಮೇಲೆ ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದು.

ಇನ್ನು ಅಚ್ಚಿನ ಲೆಕ್ಕ. ತಿಪಟೂರಿನ ಮುದ್ರಣಾಲಯಗಳು ಲಗ್ನಪತ್ರಿಕೆ, ಕರಪತ್ರ, ರಶೀದಿ ಪುಸ್ತಕಗಳ ಕೆಲಸದಲ್ಲಿ ಪಳಗಿದವು. ಕಾದಂಬರಿಗಾಗಿ ಸಾಮಾನ್ಯವಾಗಿ ಬೆಂಗಳೂರಿನ ಪುಸ್ತಕ ಮುದ್ರಕರನ್ನೇ ಆಶ್ರಯಿಸಬೇಕಾಗುತ್ತದೆ. ಪುಸ್ತಕವನ್ನು ಫಾರಂಗಳ ಲೆಕ್ಕದಲ್ಲಿ ಅಚ್ಚು ಹಾಕುತ್ತಾರೆ. ಒಂದು ಫಾರಂ ಎಂದರೆ 16 ಪುಟ. ಹನ್ನೆರಡು ಫಾರಂಗೆ 192 ಪುಟ, ಹದಿಮೂರಕ್ಕೆ 208. ನಿಮ್ಮ ಕಾದಂಬರಿ, ಮುನ್ನುಡಿ ಅರ್ಪಣೆಗಳೆಲ್ಲ ಸೇರಿ, 195ನೆಯ ಪುಟದಲ್ಲಿ ಮುಗಿದರೆ, ಮೂರು ಪುಟಗಳ ಸಲುವಾಗಿ ಇನ್ನೊಂದು ಫಾರಂನ ಹಣವನ್ನು ತೆತ್ತು, ಹದಿಮೂರು ಪುಟಗಳನ್ನು ಬರಿದಾಗಿ ಬಿಡಬೇಕಾಗುತ್ತದೆ. ಕರಡಚ್ಚಿನ ಹಂತದಲ್ಲಿಯೇ ಇದನ್ನು ಗಮನಿಸಿ, ಮುನ್ನುಡಿಯನ್ನು ಚಿಕ್ಕದು ಮಾಡಿಯೋ, ಒಳಪುಟಗಳ ಹೊಗಳಿಕೆಗಳನ್ನು ಕೈಬಿಟ್ಟೋ ಸರಿಪಡಿಸಿಕೊಳ್ಳಬಹುದು.

ಎಷ್ಟು ಪ್ರತಿ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಸ್ಸಂದಿಗ್ಧವಾದುದು: ಕಡಮೆ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿಗಳು ಹೆಚ್ಚಿದಷ್ಟೂ ಒಂದೊಂದರ ವೆಚ್ಚ ಇಳಿಯುವುದು ನಿಜ. ಸಾವಿರ ಹಾಕಿಸಿದರೆ ಲಾಭವೆಂದು ಮುದ್ರಕರು ಹೇಳುವುದೂ ಸುಳ್ಳಲ್ಲ. ಆದರೆ ಮಾರಾಟವಾಗದ ಏಳುನೂರು ಪ್ರತಿಗಳು ಮನೆಯ ನಡುಕೋಣೆಯಲ್ಲಿ ಕುಳಿತು, ಮಳೆಗಾಲದಲ್ಲಿ ಗೆದ್ದಲು ಹಿಡಿದು, ಮುಂದಿನ ಪುಸ್ತಕದ ಉತ್ಸಾಹವನ್ನೇ ತಿಂದುಹಾಕುತ್ತವೆ. ಇಂದು ಡಿಜಿಟಲ್ ಮುದ್ರಣದಲ್ಲಿ ನೂರು ಇನ್ನೂರು ಪ್ರತಿಗಳನ್ನೂ, ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನೂ ಹಾಕಿಸಬಹುದಾದುದರಿಂದ, ಮೊದಲ ಕೃತಿಗೆ ಇನ್ನೂರಕ್ಕಿಂತ ಹೆಚ್ಚು ಬೇಡ. ಬೆಲೆಯನ್ನು ಗೊತ್ತುಮಾಡುವ ಮುನ್ನ ಹೀಗೆ ಲೆಕ್ಕ ಹಾಕಿರಿ. ಒಂದು ಪ್ರತಿಗೆ ಮುದ್ರಣದ ವೆಚ್ಚ 80 ರೂಪಾಯಿ, ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಪುಸ್ತಕದ ಅಂಗಡಿಯವರು ಶೇಕಡ 40ರ ರಿಯಾಯಿತಿಯನ್ನು ಕೇಳಿದರೆ ನಿಮಗೆ ಬರುವುದು 120, ಮುದ್ರಣವನ್ನು ಕಳೆದರೆ ಉಳಿಯುವುದು 40. ಪುಟವಿನ್ಯಾಸ, ಮುಖಪುಟದ ಚಿತ್ರ, ಕರಡು ತಿದ್ದಿದವರ ಸಂಭಾವನೆ, ಗೌರವಪ್ರತಿಗಳು, ಸಾಗಣೆ ಇವೆಲ್ಲವೂ ಆ ನಲವತ್ತರಲ್ಲಿಯೇ ಆಗಬೇಕು. ಅದೇ ಪ್ರತಿಯನ್ನು ಓದುಗರಿಗೆ ನೇರವಾಗಿ ಕೊಟ್ಟರೆ ಉಳಿಯುವುದು 120. ಚಿಕ್ಕ ಪ್ರಕಾಶಕರು ನೇರ ಮಾರಾಟವನ್ನೇ ನೆಚ್ಚಬೇಕಾದುದರ ಕಾರಣ ಈ ಲೆಕ್ಕದಲ್ಲಿಯೇ ಇದೆ. ಬಿಡುಗಡೆಯ ಸಮಾರಂಭಕ್ಕೆಂದು ಮಂಟಪ, ಶಾಲು, ಊಟಗಳಿಗೆ ಪುಸ್ತಕದ ವೆಚ್ಚಕ್ಕಿಂತ ಹೆಚ್ಚು ಹಣವನ್ನು ಸುರಿಯುವ ರೂಢಿಯನ್ನು ನಾನು ಒಪ್ಪಲಾರೆ. ಊರಿನ ಶಾಲೆಯ ಕೊಠಡಿಯಲ್ಲಿ, ಪುಸ್ತಕವನ್ನು ನಿಜವಾಗಿ ಓದಿಬಂದ ಇಬ್ಬರು ಮಾತನಾಡಿದರೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಇನ್ನು ನೋಂದಣಿಯ ವಿಷಯ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಎಂಬ 13 ಅಂಕಿಗಳ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಕೊಡುತ್ತದೆ. ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಂಗ. ತಾವೇ ಪ್ರಕಟಿಸುವ ಲೇಖಕರೂ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಬಹುದು, ಶುಲ್ಕವಿಲ್ಲ. ಈ ಸಂಖ್ಯೆಗಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಆದರೆ ಸಂಖ್ಯೆ ಬರಲು ಕಾಲ ಹಿಡಿಯುವುದರಿಂದ ಕರಡು ತಿದ್ದುತ್ತಿರುವಾಗಲೇ ಅರ್ಜಿ ಹಾಕತಕ್ಕದ್ದು. ಪುಸ್ತಕ ಹೊರಬಂದ 30 ದಿನಗಳೊಳಗೆ, ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವುದನ್ನು ಕುರಿತ 1954ರ ಅಧಿನಿಯಮದ ಪ್ರಕಾರ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿರ್ದಿಷ್ಟ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳುಹಿಸಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಪ್ರತಿಗಳನ್ನು ಕೊಟ್ಟು ನೋಂದಾಯಿಸಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವವರಿಗೆ ಈ ನೋಂದಣಿ ಅವಶ್ಯ. ಆ ಖರೀದಿ ದೊರೆತರೆ ನೂರಾರು ಪ್ರತಿಗಳು ಒಮ್ಮೆಗೇ ಹೋಗುತ್ತವೆ. ಆದರೆ ಆಯ್ಕೆಗೂ ಹಣ ಕೈಸೇರುವುದಕ್ಕೂ ಬಹುಕಾಲ ಹಿಡಿಯುವುದುಂಟು. ಅದನ್ನೇ ನಂಬಿ ಸಾಲ ಮಾಡಿ ಅಚ್ಚು ಹಾಕಿಸುವುದು ವಿವೇಕವಲ್ಲ. ಮೊದಲ ಕೃತಿಯನ್ನು ಹೊರತರುತ್ತಿರುವ ಯುವಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆ ಇದೆ. ಅರ್ಜಿ ಕರೆಯುವ ಪ್ರಕಟಣೆಯನ್ನು ದಿನಪತ್ರಿಕೆಗಳಲ್ಲಿ ಗಮನಿಸುತ್ತಿರಬೇಕು.

ಮಾರಾಟಕ್ಕೆ ಹಳೆಯದಾದರೂ ಇಂದಿಗೂ ಉತ್ತಮವಾದ ಉಪಾಯವೆಂದರೆ ಮುಂಗಡ ಚಂದಾ. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿಯೇ ಬೆಳೆಯಿತು. ಪುಸ್ತಕ ಅಚ್ಚಿಗೆ ಹೋಗುವ ಎರಡು ತಿಂಗಳ ಮುಂಚೆ, ನಿಮ್ಮ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ಬೆಂಗಳೂರಿಗೆ ಹೋಗಿ ನೆಲಸಿದ ಊರಿನವರು, ಇವರಿಗೆ ಒಂದು ಪತ್ರ ಬರೆದು, ಮುಂಗಡ ಕೊಟ್ಟವರಿಗೆ ರಿಯಾಯಿತಿಯ ಬೆಲೆಯನ್ನು ತಿಳಿಸಿದರೆ, ನೂರು ಹೆಸರುಗಳು ಸೇರುವುದು ಕಷ್ಟವಲ್ಲ. ಮುದ್ರಣದ ವೆಚ್ಚದ ಬಹುಭಾಗ ಅದರಿಂದಲೇ ಹುಟ್ಟುತ್ತದೆ. ಹೀಗೆ ಬಂದ ಹಣವನ್ನು ಮನೆಯ ಖರ್ಚಿನೊಡನೆ ಬೆರಸದೆ ಬೇರೆ ಖಾತೆಯಲ್ಲಿಟ್ಟು, ಕೊಟ್ಟ ಮಾತಿನ ದಿನಕ್ಕೆ ಪುಸ್ತಕವನ್ನು ತಲಪಿಸಬೇಕು. 200 ಪುಟಗಳ ಡೆಮಿ ಪುಸ್ತಕ ಸುಮಾರು 250 ಗ್ರಾಂ ತೂಗುತ್ತದೆ. ಅಗ್ಗದ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಬಂದಿರುವ ಜ್ಞಾನ ಪೋಸ್ಟ್ ಮುಖ್ಯವಾಗಿ ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗಾಗಿ ಇರುವುದರಿಂದ, ನಿಮ್ಮ ಕಾದಂಬರಿ ಅದರಲ್ಲಿ ಹೋಗಬಹುದೇ ಎಂಬುದನ್ನು ಅಂಚೆಕಚೇರಿಯಲ್ಲಿ ವಿಚಾರಿಸಿಕೊಂಡು ಸಾಗಣೆಯ ಬೆಲೆಯನ್ನು ಗೊತ್ತುಮಾಡಿರಿ. ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ ಮೇಜು ಹಾಕಿ ಕೂರಲು ಲೇಖಕರು ನಾಚಬಾರದು, ಗಳಗನಾಥರು ನಾಚಲಿಲ್ಲ. ಪ್ರತಿಲಿಪಿಯಂಥ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಬರೆದು ಓದುಗರನ್ನು ಸಂಪಾದಿಸುವವರೂ, ಮೈಲ್ಯಾಂಗಿನಲ್ಲಿ ಇ-ಪುಸ್ತಕವನ್ನೂ ಕೇಳುಪುಸ್ತಕವನ್ನೂ ಹೊರತರುವವರೂ ಈಗ ಇದ್ದಾರೆ. ಅಚ್ಚಿನ ಪುಸ್ತಕಕ್ಕೆ ಅವು ಅಡ್ಡಿಯಲ್ಲ. ಮರೆಯಬಾರದ ಇನ್ನೊಂದು ಸ್ಥಳವೆಂದರೆ ನಿಮ್ಮದೇ ಗ್ರಾಮ ಪಂಚಾಯತಿಯ ಗ್ರಂಥಾಲಯ. ಅಲ್ಲಿಗೆ ಒಂದು ಪ್ರತಿಯನ್ನು ಉಚಿತವಾಗಿ ಕೊಡಿರಿ.

ಕಡೆಯದಾಗಿ ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ನೀವು ಸ್ವಂತವಾಗಿ ಬರೆದ ಕಾದಂಬರಿಯ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ, ನಿಮ್ಮ ಜೀವಿತಾವಧಿಯಲ್ಲಿಯೂ ಅದರ ಮೇಲೆ 60 ವರ್ಷಗಳವರೆಗೂ ಅದು ನಿಮಗೆ ಮತ್ತು ನಿಮ್ಮ ವಾರಸುದಾರರಿಗೆ ಸೇರಿದ್ದು. ಪುಸ್ತಕ ಓದುಗರ ಮನ್ನಣೆ ಪಡೆದರೆ ದೊಡ್ಡ ಪ್ರಕಾಶಕರೋ, ಧಾರಾವಾಹಿ ತೆಗೆಯುವವರೋ ನಿಮ್ಮ ಬಳಿಗೆ ಬರಬಹುದು. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿಯನ್ನು ಬರೆಯದೆ ಬಿಟ್ಟ ಪತ್ರವನ್ನು ಕಾನೂನು ಐದು ವರ್ಷಗಳದ್ದೆಂದು ಎಣಿಸುತ್ತದೆ. ಬೇರೆ ಷರತ್ತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದವರು ಅದನ್ನು ಕಳೆದುಕೊಳ್ಳುತ್ತಾರೆ. ಮುದ್ರಣ, ಅನುವಾದ, ಧಾರಾವಾಹಿ, ಕೇಳುಪುಸ್ತಕ ಇವು ಬೇರೆ ಬೇರೆ ಹಕ್ಕುಗಳು. ಒಂದನ್ನು ಕೊಟ್ಟವರು ಉಳಿದವನ್ನೂ ಕೊಟ್ಟಂತಾಗಬಾರದು. ಆದುದರಿಂದ, ಬಂದವರು ಎಷ್ಟೇ ಆತ್ಮೀಯರಾಗಿರಲಿ, ಯಾವ ಹಕ್ಕು, ಎಷ್ಟು ವರ್ಷ, ಎಷ್ಟು ಹಣ ಎಂಬ ಮೂರನ್ನೂ ಸ್ಪಷ್ಟವಾಗಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿರಿ. ಸಹಿಯಾದ ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ, ಜಮೀನಿನ ಪತ್ರಗಳ ಜೊತೆಯಲ್ಲಿಯೇ, ಇಟ್ಟುಕೊಳ್ಳಿರಿ.